ನಕ್ಷತ್ರ ನೋಡಿ ದಾರಿ ಹೇಳಿದ ಲ್ಯಾಂಬ್ಟನ್

ಸೋಮನಹಳ್ಳಿಯಿಂದ ಮದ್ದೂರಿಗೆ ಬಂದು ಅಲ್ಲಿಂದ ಮಳವಳ್ಳಿ ರಸ್ತೆ ಹಿಡಿದ್ರೆ, 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಬ್ರಿಟಿಷರಿಗೂ ಕಾಳಗ ನಡೆದ ಸೀಮೆ ಸಿಗುತ್ತೆ. ಆ ಬ್ರಿಟಿಷ್ ದಂಡಿನಲ್ಲಿ ನಲವತ್ತು ದಾಟಿದ ಒಬ್ಬ ಅಧಿಕಾರಿ ಇದ್ದ. ಹೆಸರು ವಿಲಿಯಂ ಲ್ಯಾಂಬ್ಟನ್. ಸರ್ವೇಯಿಂಗ್ ಲ್ಯಾಬ್‌ನಲ್ಲಿ ಬೆವರು ಸುರಿಸೋ ನಾವು ಇವನನ್ನು ತಿಳಿದಿರಬೇಕು.

ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಬಡ ಮನೆಯಲ್ಲಿ. ಗಣಿತ ಅಂದ್ರೆ ಪ್ರಾಣ. ಮಳವಳ್ಳಿ ಕಾಳಗದ ಕೆಲವೇ ದಿನಗಳ ನಂತರ, ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ದಿಕ್ಕು ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿತ್ತು. ನಕ್ಷತ್ರ ನೋಡಿ ಲ್ಯಾಂಬ್ಟನ್ ಎಚ್ಚರಿಸಿದ. ಬೇರ್ಡ್ ಮೊದಲು ನಂಬಲಿಲ್ಲ. ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿ!

ಯುದ್ಧ ಮುಗಿದ ಮೇಲೆ ಕಂಪನಿಗೆ ಗೆದ್ದ ನೆಲದ ನಕ್ಷೆ ಬೇಕಿತ್ತು. ಲ್ಯಾಂಬ್ಟನ್‌ಗೆ ಭೂಮಿಯ ಆಕಾರವೇ ತಿಳಿಯಬೇಕಿತ್ತು. 1800ರಲ್ಲಿ ಬೆಂಗಳೂರಿನ ಬಳಿ ನೂರು ಅಡಿ ಉದ್ದದ ಉಕ್ಕಿನ ಸರಪಳಿ ಹಿಡಿದು ಸುಮಾರು 12 ಕಿ.ಮೀ. ಆಧಾರರೇಖೆ ಅಳೆದ. ಒಂದು ಬದಿಯ ಉದ್ದ ಗೊತ್ತಾದ್ರೆ ಸಾಕು, ಮುಂದಿನ ತ್ರಿಕೋನಗಳಿಗೆ ಕೋನ ಅಳೆಯುತ್ತಾ ಹೋದ್ರೆ ಆಯ್ತು. ಉಳಿದದ್ದು ಲೆಕ್ಕಾಚಾರ.

ಇದಕ್ಕಾಗಿ ಲಂಡನ್ನಿನಿಂದ ತರಿಸಿದ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಕದ್ದು. ಬರುವ ದಾರಿಯಲ್ಲೇ ಫ್ರೆಂಚರು ಹಡಗು ಹಿಡಿದು ಮಾರಿಷಸ್‌ಗೆ ಒಯ್ದರು. ಎರಡೂ ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದರೂ, ಅದು ವಿಜ್ಞಾನದ ಉಪಕರಣ ಅಂತ ತಿಳಿದ ಅಲ್ಲಿನ ಫ್ರೆಂಚ್ ಗವರ್ನರ್ ಗೌರವದಿಂದ ವಾಪಸ್ ಕಳಿಸಿದ. 1802ರಲ್ಲಿ ಮದ್ರಾಸಿನಿಂದ ಮಹಾ ಸರ್ವೆ ಶುರುವಾಯ್ತು.

1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಕಿತ್ತು, ಉಪಕರಣ ಗೋಡೆಗೆ ಬಡಿದು, ಕೋನ ಅಳೆಯುವ ವೃತ್ತವೇ ಸೊಟ್ಟಗಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಕೈಬಿಡ್ತಿದ್ರು. ಲ್ಯಾಂಬ್ಟನ್ ಡೇರೆ ಸೇರಿಕೊಂಡು, ಸುಮಾರು ಆರು ವಾರ ಕೂತು, ಸ್ವಲ್ಪ ಸ್ವಲ್ಪವಾಗಿ ಅದನ್ನು ನೆಟ್ಟಗೆ ಮಾಡಿದ. ಅವನ ಕಾಲದ ನಂತರವೂ ಅದೇ ಉಪಕರಣ ಸರ್ವೆಯಲ್ಲಿ ದುಡಿಯಿತು.

ಕನ್ಯಾಕುಮಾರಿ ಕಡೆಯಿಂದ ಉತ್ತರಕ್ಕೆ ಅಳೆಯುತ್ತಲೇ ಹೋದವನು, 1823ರ ಜನವರಿ 20ರಂದು ಈಗಿನ ಮಹಾರಾಷ್ಟ್ರದ ಹಿಂಗನಘಾಟ್‌ನಲ್ಲಿ, ಕೆಲಸದ ದಾರಿಯಲ್ಲೇ ತೀರಿಕೊಂಡ. ಆಗ ವಯಸ್ಸು ಎಪ್ಪತ್ತರ ಹತ್ತಿರ. ಕೆಲಸ ಮುಂದುವರಿಸಿದ ಶಿಷ್ಯ ಜಾರ್ಜ್ ಎವರೆಸ್ಟ್. ಶಿಷ್ಯನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಸಿಕ್ಕಿತು. ಗುರುವಿನ ಹೆಸರು ಎಷ್ಟು ಜನಕ್ಕೆ ಗೊತ್ತು, ಹೇಳಿ?

ಮುಂದಿನ ಸಲ ರೀಡಿಂಗ್ ಸರಿಬರದೆ ಪಕ್ಕದ ಬ್ಯಾಚಿನಿಂದ ಕಾಪಿ ಮಾಡೋ ಮನಸ್ಸಾದಾಗ, ಆ ಆರು ವಾರ ನೆನಪಿಸಿಕೊಳ್ಳಿ ಗೆಳೆಯರೇ.