ತಕರಾರಿಗೆ ಲೆಕ್ಕದಲ್ಲೇ ಉತ್ತರ ಕೊಟ್ಟ ಟಾಟಾ ಇನ್‌ಸ್ಟಿಟ್ಯೂಟಿನ ರಾಮಚಂದ್ರನ್

ಸಿಂಗಾಪುರ: ನಮ್ಮೂರಿಂದ ಬಿಇಎಲ್ ಸರ್ಕಲ್ ದಾಟಿ ಯಶವಂತಪುರದ ಕಡೆ ಹೋದ್ರೆ ಟಾಟಾ ಇನ್‌ಸ್ಟಿಟ್ಯೂಟಿನ ಕಾಂಪೌಂಡ್ ಸಿಗುತ್ತೆ. ದಿನಾ ನೋಡ್ತೀವಿ, ಒಳಗೆ ಯಾರಿದ್ದರು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿದ್ದ ದೊಡ್ಡವರಲ್ಲಿ ಒಬ್ಬರು ಜಿ.ಎನ್. ರಾಮಚಂದ್ರನ್.

ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. 1942ರಲ್ಲಿ ಇಲ್ಲಿಗೆ ಬಂದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದೋಕೆ. ಆದರೆ ಮನಸ್ಸಿದ್ದದ್ದು ಭೌತಶಾಸ್ತ್ರದಲ್ಲಿ. ಸರ್ ಸಿ.ವಿ. ರಾಮನ್ ಈ ಹುಡುಗನನ್ನು ತಮ್ಮ ವಿಭಾಗಕ್ಕೇ ಸೇರಿಸಿಕೊಂಡರು. ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ ವಾಪಸ್ ಬೆಂಗಳೂರಿಗೆ ಬಂದರು. 1952ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ನಮ್ಮ ಚರ್ಮ, ಮೂಳೆಗೆ ಗಟ್ಟಿತನ ಕೊಡೋ ಪ್ರೋಟೀನಿನ ಹೆಸರು ಕೊಲಾಜೆನ್. ಅದರ ಎಕ್ಸ್‌ರೇ ಚಿತ್ರಗಳನ್ನು ಇಟ್ಟುಕೊಂಡು 1954ರಲ್ಲಿ ಅವರು ಮತ್ತು ಗೋಪಿನಾಥ್ ಕರ್ತಾ ಅದರ ಆಕಾರ ಹೇಳಿದರು: ಹಗ್ಗ ಹೊಸೆದ ಹಾಗೆ ಮೂರು ಎಳೆ.

ಆಗಲೇ ತಕರಾರು ಎದ್ದಿತು. ಇಂಗ್ಲೆಂಡಿನ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಜೊತೆಗಾರ ರಿಚ್, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ, ಹಾಗಿರೋಕೆ ಆಗಲ್ಲ ಅಂದರು. ಒಳಗಿನ ಕೆಲವು ವಿವರ ಆಮೇಲೆ ಬದಲಾದವು, ಮೂರೆಳೆ ಮಾತ್ರ ಉಳಿಯಿತು.

ರಾಮಚಂದ್ರನ್ ಜಗಳಕ್ಕೆ ನಿಲ್ಲಲಿಲ್ಲ. ಹಾಗಾದ್ರೆ ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಅನ್ನೋದನ್ನೇ ಲೆಕ್ಕಕ್ಕೆ ಹಿಡಿದರು. ಪ್ರೋಟೀನ್ ಒಂದು ಸರಪಳಿ. ಅದರ ಕೊಂಡಿಗಳು ಎಷ್ಟೆಷ್ಟು ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲ್ಲ ಅಂತ ರಾಮಕೃಷ್ಣನ್, ಶಶಿಶೇಖರನ್ ಜೊತೆ ಸೇರಿ 1963ರಲ್ಲಿ ನಕ್ಷೆ ಕೊಟ್ಟರು. ಅದೇ ರಾಮಚಂದ್ರನ್ ನಕ್ಷೆ. ಇವತ್ತಿಗೂ ಯಾವ ದೇಶದ ಲ್ಯಾಬಲ್ಲಿ ಪ್ರೋಟೀನಿನ ಆಕಾರ ಕಂಡುಹಿಡಿದರೂ, ಸರಿಯಿದೆಯಾ ಅಂತ ಇದರಲ್ಲಿಟ್ಟು ನೋಡ್ತಾರೆ.

1970ರ ಹೊತ್ತಿಗೆ ಮತ್ತೆ ಟಾಟಾ ಇನ್‌ಸ್ಟಿಟ್ಯೂಟಿಗೇ ಬಂದು ಅಣು ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. ಎಕ್ಸ್‌ರೇಗಳಿಂದ ದೇಹದ ಒಳಚಿತ್ರ ಕಟ್ಟೋ ಲೆಕ್ಕವನ್ನು 1971ರಲ್ಲಿ ಲಕ್ಷ್ಮಿನಾರಾಯಣನ್ ಜೊತೆ ಸುಲಭ ಮಾಡಿಕೊಟ್ಟರು. ಸಿ.ಟಿ. ಸ್ಕ್ಯಾನ್‌ಗೆ ಅದು ಬಹಳ ಉಪಯೋಗಕ್ಕೆ ಬಂತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆದರು. ನೊಬೆಲ್ ಮಾತ್ರ ಬರಲಿಲ್ಲ.

ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ಅವರು ಕಟ್ಟಿದ ವಿಭಾಗ ಆ ಕಾಂಪೌಂಡಿನ ಒಳಗೆ ಇವತ್ತೂ ನಡೀತಿದೆ. ನಮ್ಮ ಏರಿಯಾದಲ್ಲಿ ಸೈನ್ಸ್ ಓದೋ ಮಕ್ಕಳಿಗೆ, ಯಾರಾದ್ರೂ ತಪ್ಪು ತೋರಿಸಿದ್ರೆ ಏನು ಮಾಡಬೇಕು ಅಂತ ಹೇಳಿಕೊಡೋಕೆ ಈ ಒಂದು ಕಥೆ ಸಾಕು.