ಓಮ್ ಎಂಬ ಹೈಸ್ಕೂಲ್ ಮೇಷ್ಟ್ರು

ವಿಭವಾಂತರ, ವಿದ್ಯುತ್ ಪ್ರವಾಹ, ರೋಧ. ಈ ಮೂರು ಪದಗಳನ್ನು ನಾವೆಲ್ಲ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಬಾಯಿಪಾಠ ಮಾಡಿದ್ದೇವೆ. ಓಮ್‌ನ ನಿಯಮ ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಆ ಓಮ್ ಯಾರೆಂದು ಬಿ.ಇ. ಓದುವಾಗಲೂ ನಾನು ಯೋಚಿಸಿರಲಿಲ್ಲ. ಅವರು ನಮ್ಮ ಮೇಷ್ಟ್ರುಗಳ ಹಾಗೆಯೇ ಹೈಸ್ಕೂಲ್ ಮಕ್ಕಳಿಗೆ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತಿದ್ದವರೆಂದು ಬಹಳ ತಡವಾಗಿ ತಿಳಿಯಿತು. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಆ ಮೇಷ್ಟ್ರನ್ನು ನೆನೆಯೋಣ ಎನಿಸಿತು.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ತಂದೆ ಬೀಗ ತಯಾರಿಸುವ ಕಸುಬಿನವರು. ಶಾಲೆಯಲ್ಲಿ ಹೆಚ್ಚು ಓದದಿದ್ದರೂ ಸ್ವಂತ ಶ್ರಮದಿಂದ ಗಣಿತ ಕಲಿತು ಮಕ್ಕಳಿಗೆ ತಾವೇ ಕಲಿಸಿದರು. ಓಮ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮುಂದೆ ವಿಶ್ವವಿದ್ಯಾಲಯ ಸೇರಿದ ಮಗ ಕುಣಿತ, ಬಿಲಿಯರ್ಡ್ಸ್ ಆಟದಲ್ಲಿ ಕಾಲ ಕಳೆಯುವುದನ್ನು ಕಂಡು ತಂದೆಗೆ ಸಿಟ್ಟು ಬಂತು. ಓದು ಅರ್ಧಕ್ಕೆ ನಿಂತಿತು. ಸ್ವಿಟ್ಜರ್ಲೆಂಡಿಗೆ ಹೋಗಿ ಗಣಿತದ ಮೇಷ್ಟ್ರಾದಾಗ ಓಮ್‌ಗೆ ಇನ್ನೂ ಹದಿನೇಳು. ಬಿಡುವಿನಲ್ಲಿ ತಾವೇ ಓದಿ, 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕಲೋನ್ ನಗರದ ಶಾಲೆಯೊಂದಕ್ಕೆ ಬಂದರು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ತಂದೆಯಿಂದ ಬಂದ ಕೈಕೆಲಸವೂ ಸಹಾಯಕ್ಕೆ ಬಂತು. ಆಗಿನ ಬ್ಯಾಟರಿಯ ಶಕ್ತಿ ಬೇಗ ಕುಗ್ಗುತ್ತಿದ್ದರಿಂದ ಅಳತೆಗಳು ತಪ್ಪುತ್ತಿದ್ದವು. ಅದನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲೂ ಇಟ್ಟರು. ಇದರಿಂದ ಒಂದೇ ಸಮನಾದ ವಿದ್ಯುತ್ ಸಿಕ್ಕಿತು. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತಸೂಜಿ ಎಷ್ಟು ತಿರುಗಿತೆಂದು ಅಳೆದರು. ತಂತಿ ಉದ್ದವಾದಷ್ಟೂ ಪ್ರವಾಹ ಕಡಿಮೆ. ಈ ಲೆಕ್ಕದಿಂದಲೇ ನಿಯಮ ಹುಟ್ಟಿತು: ವಿಭವಾಂತರ ಹೆಚ್ಚಿದರೆ ಪ್ರವಾಹ ಹೆಚ್ಚುತ್ತದೆ, ರೋಧ ಹೆಚ್ಚಿದರೆ ತಗ್ಗುತ್ತದೆ.

ಇದನ್ನು ನಮ್ಮ ತೋಟದಲ್ಲೇ ನೋಡಬಹುದು. ಓವರ್‌ಹೆಡ್ ಟ್ಯಾಂಕಿನ ಎತ್ತರ ವೋಲ್ಟ್ ಇದ್ದಂತೆ, ಪೈಪಿನಲ್ಲಿ ಹರಿಯುವ ನೀರು ಆಂಪೇರ್ ಇದ್ದಂತೆ, ಪೈಪಿನ ಇಕ್ಕಟ್ಟು ಓಮ್ ಇದ್ದಂತೆ. ಟಿ.ಸಿ.ಯಿಂದ ದೂರದ ಬೋರ್‌ವೆಲ್‌ಗೆ ತೆಳುವಾದ ವೈರ್ ಎಳೆದರೆ ರೋಧ ಹೆಚ್ಚಿ, ಮೋಟಾರಿಗೆ ತಲುಪುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಅಷ್ಟೇ ನೀರೆತ್ತಲು ಮೋಟಾರು ಹೆಚ್ಚು ಆಂಪೇರ್ ಎಳೆಯುತ್ತದೆ; ಕಾಯಿಲ್ ಕಾದು ಸುಡುತ್ತದೆ. ನನ್ನ ಹೈಸ್ಕೂಲ್ ದಿನಗಳಲ್ಲಿ ನಮ್ಮ ಮೋಟಾರು ಒಂದೇ ಬೇಸಿಗೆಯಲ್ಲಿ ಎರಡು ಸಲ ರಿವೈಂಡಿಂಗ್‌ಗೆ ಹೋಗಿತ್ತು. ಅಪ್ಪ ಮೋಟಾರನ್ನೇ ಬೈಯುತ್ತಿದ್ದರು. ಕಾರಣ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು, ನನಗೆ ಹೊಳೆಯಲಿಲ್ಲ.

1827ರಲ್ಲಿ ಓಮ್ ತಮ್ಮ ಲೆಕ್ಕಗಳನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗಬಹುದೆಂಬ ಆಸೆಯಿತ್ತು. ಆದರೆ ಅವರ ನಾಡಿನ ವಿದ್ವಾಂಸರಲ್ಲಿ ಹೆಚ್ಚಿನವರು ಕಿವಿಗೊಡಲಿಲ್ಲ. ನೊಂದ ಓಮ್ ಕಲೋನ್‌ನ ಕೆಲಸ ಬಿಟ್ಟರು. ಕೆಲವು ವರ್ಷ ಬರ್ಲಿನ್‌ನಲ್ಲಿ ಕಡಿಮೆ ಸಂಬಳಕ್ಕೆ ಪಾಠ ಹೇಳಿದರು. 1833ರಲ್ಲಿ ನ್ಯೂರೆಂಬರ್ಗ್‌ನ ತಾಂತ್ರಿಕ ಶಾಲೆಯಲ್ಲಿ ನೆಲೆ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ನೀಡಿ ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದದ್ದು 1852ರಲ್ಲಿ. ಆಗ ವಯಸ್ಸು ಅರವತ್ತು ದಾಟಿತ್ತು. ಎರಡೇ ವರ್ಷ, 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ರೋಧದ ಮೂಲಮಾನಕ್ಕೆ ಓಮ್ ಎಂಬ ಹೆಸರನ್ನು ಒಪ್ಪಿತು.

ನಾವು ಓದುವಾಗ ವಿಜ್ಞಾನದ ಸಾಮಾನುಗಳೆಲ್ಲ ಬೀರುವಿನಲ್ಲಿ ಭದ್ರವಾಗಿದ್ದವು. ಒಡೆದರೆ ಮತ್ತೆ ತರುವವರು ಯಾರು ಎಂಬ ಮೇಷ್ಟ್ರ ಭಯ ಈಗ ಅರ್ಥವಾಗುತ್ತದೆ. ಹಳೆಯ ವಿದ್ಯಾರ್ಥಿಗಳಾದ ನಾವು ಆ ಭಯವನ್ನು ಹೋಗಲಾಡಿಸಬಹುದು. ಒಂದು ಬ್ಯಾಟರಿ, ಒಂದು ಮೀಟರ್, ನಾಲ್ಕು ಮಾರು ತಂತಿಗೆ ಹೆಚ್ಚು ಖರ್ಚಿಲ್ಲ. ಒಡೆದದ್ದಕ್ಕೆ ಬದಲಿ ತರುವ ಹೊಣೆ ನಮ್ಮದಾಗಲಿ; ಬೀರುವಿನ ಬೀಗ ತೆಗೆದು ಮಕ್ಕಳ ಕೈಗೆ ತಂತಿ ಕೊಡುವ ಕೆಲಸ ಮೇಷ್ಟ್ರದ್ದಾಗಲಿ.