ವಿದ್ಯುದ್ಯುಗದ ಹರಿಕಾರ ಮೈಕೆಲ್ ಫ್ಯಾರಡೆ

ಸಂಜೆಯಾಗುತ್ತಲೇ ನಾವು ಗುಂಡಿಯನ್ನೊತ್ತಿ ಮನೆಯನ್ನು ಬೆಳಗಿಸಿಕೊಳ್ಳುತ್ತೇವೆ. ಹೊಲದ ಪಂಪು ನೀರೆತ್ತುತ್ತದೆ. ಗಿರಣಿ ಹಿಟ್ಟು ಬೀಸುತ್ತದೆ. ಸೆಕೆಯಾದಾಗ ಪಂಖ ತಿರುಗುತ್ತದೆ. ಒಂದು ಗಂಟೆ ವಿದ್ಯುತ್ತು ನಿಂತರೆ ನಮಗೆ ಕೈಕಾಲು ಆಡದಂತಾಗುತ್ತದೆ. ಇಂದು ಇಷ್ಟು ಅನಿವಾರ್ಯವಾಗಿರುವ ಈ ಶಕ್ತಿ ಇನ್ನೂರು ವರ್ಷಗಳ ಹಿಂದೆ ಪ್ರಯೋಗಶಾಲೆಗಳಲ್ಲಿ ಮಾತ್ರ ಅಲ್ಪಸ್ವಲ್ಪವಾಗಿ ದೊರೆಯುತ್ತಿತ್ತು. ಅದನ್ನು ಯಂತ್ರದಿಂದ ಬೇಕಾದಷ್ಟು ಪಡೆಯುವ ದಾರಿಯನ್ನು ತೋರಿಸಿದವನು, ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಬೆಳೆದ ಒಬ್ಬ ಬಡ ಹುಡುಗ. ಆತನೇ ಮೈಕೆಲ್ ಫ್ಯಾರಡೆ.

ಫ್ಯಾರಡೆಯು 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಸಮೀಪದ ನ್ಯೂಯಿಂಗ್ಟನ್ನಿನಲ್ಲಿ ಜನಿಸಿದನು. ತಂದೆ ಕಮ್ಮಾರ. ಆತನ ಆರೋಗ್ಯ ಕೆಟ್ಟುದರಿಂದ ಸಂಪಾದನೆ ಕುಗ್ಗಿತು. ಬಾಲಕನ ಕೈಗೆ ಒಂದು ಇಡೀ ಬ್ರೆಡ್ಡನ್ನಿತ್ತು, ಅದರಲ್ಲಿಯೇ ವಾರವನ್ನು ಕಳೆಯಬೇಕೆಂದು ಹೇಳುವಷ್ಟು ಬಡತನ ಆ ಮನೆಯಲ್ಲಿತ್ತು. ಓದು, ಬರಹ, ಸ್ವಲ್ಪ ಲೆಕ್ಕ ಇಷ್ಟನ್ನು ಕಲಿಯುವುದರೊಳಗೆ ಶಾಲೆಯ ಋಣ ತೀರಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆತನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದನು.

ಇತರ ಹುಡುಗರಿಗೆ ಪುಸ್ತಕಗಳು ಕೇವಲ ಹೊಲಿಯುವ ಹಾಳೆಗಳಾಗಿದ್ದರೆ, ಫ್ಯಾರಡೆಗೆ ಅವೇ ಗುರುಗಳಾದವು. ವಿಶ್ವಕೋಶದ ಸಂಪುಟವೊಂದರಲ್ಲಿದ್ದ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬಾಕೆ ರಚಿಸಿದ ರಸಾಯನಶಾಸ್ತ್ರದ ಪುಸ್ತಕವೂ ಆತನ ಮನಸ್ಸನ್ನು ಸೆಳೆದವು. ಓದಿದುದನ್ನು ಪರೀಕ್ಷಿಸದೆ ನಂಬುವ ಸ್ವಭಾವ ಆತನದಲ್ಲ. ಕೈಯಲ್ಲಿದ್ದ ಪುಡಿಗಾಸಿನಿಂದಲೇ ಸಾಮಾನುಗಳನ್ನು ಕೊಂಡು, ಚಿಕ್ಕ ಚಿಕ್ಕ ಪ್ರಯೋಗಗಳನ್ನು ತಾನೇ ಮಾಡಿ ನೋಡುತ್ತಿದ್ದನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಆತನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತಿದ್ದ ಉಪನ್ಯಾಸಗಳ ಪ್ರವೇಶಪತ್ರಗಳನ್ನು ಕೊಟ್ಟನು. ಉಪನ್ಯಾಸಕನು ಪ್ರಖ್ಯಾತ ವಿಜ್ಞಾನಿ ಹಂಫ್ರಿ ಡೇವಿ. ಫ್ಯಾರಡೆಯು ನಾಲ್ಕು ಉಪನ್ಯಾಸಗಳನ್ನೂ ಕೇಳಿ ಟಿಪ್ಪಣಿ ಮಾಡಿಕೊಂಡು, ಚಿತ್ರಗಳನ್ನು ಬರೆದು, ತಾನು ಕಲಿತ ಕಸುಬಿನಿಂದಲೇ ಅದಕ್ಕೆ ಅಂದವಾದ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ಮಾರ್ಚ್ ತಿಂಗಳಲ್ಲಿ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಆತನಿಗೆ ದೊರೆಯಿತು.

ದಾರಿ ಇಲ್ಲಿಗೆ ಸುಗಮವಾಗಲಿಲ್ಲ. ಡೇವಿಯೊಡನೆ ಯೂರೋಪಿನ ಪ್ರವಾಸಕ್ಕೆ ಹೋದಾಗ, ಡೇವಿಯ ಪತ್ನಿ ಆತನನ್ನು ಸೇವಕನಂತೆ ಕಂಡಳು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ, ಕೈಹಿಡಿದು ಮೇಲೆತ್ತಿದ ಡೇವಿಯೇ ವಿರೋಧಿಸಿದನು. ಆದರೂ ಫ್ಯಾರಡೆಯು ಆಯ್ಕೆಯಾದನು. ಮುಂದೆಯೂ ಗುರುವಿನ ವಿಷಯದಲ್ಲಿ ಗೌರವವನ್ನು ಬಿಡಲಿಲ್ಲ.

ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಪ್ರಕಟಿಸಿದ್ದನು. ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ, ಕಾಂತಶಕ್ತಿಯಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಪ್ರಶ್ನೆ ಫ್ಯಾರಡೆಯನ್ನು ವರ್ಷಗಟ್ಟಲೆ ಕಾಡಿತು. ಹಲವು ಬಾರಿ ಪ್ರಯೋಗ ಮಾಡಿದನು. ಹಲವು ಬಾರಿ ಸೋತನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಗಳನ್ನು ಬೇರೆಬೇರೆಯಾಗಿ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದನು. ಜೋಡಿಸಿದ ಕ್ಷಣದಲ್ಲಿ ಇನ್ನೊಂದು ತಂತಿಯ ಬಳಿಯಿದ್ದ ಮುಳ್ಳು ಅಲುಗಿ ಮತ್ತೆ ಸುಮ್ಮನಾಯಿತು. ಬಿಡಿಸಿದ ಕ್ಷಣದಲ್ಲಿ ಮತ್ತೊಮ್ಮೆ ಅಲುಗಿತು. ಕಾಂತಶಕ್ತಿ ಸ್ಥಿರವಾಗಿದ್ದಾಗ ಅಲ್ಲ, ಬದಲಾಗುವಾಗ ಮಾತ್ರ ವಿದ್ಯುತ್ತು ಹುಟ್ಟುತ್ತದೆ ಎಂಬ ರಹಸ್ಯ ಬಯಲಾಯಿತು. ಅಕ್ಟೋಬರ್ ತಿಂಗಳಲ್ಲಿ ಆತನು ತಂತಿಸುರುಳಿಯೊಳಕ್ಕೆ ಅಯಸ್ಕಾಂತವನ್ನು ನೂಕಿ ವಿದ್ಯುತ್ತನ್ನು ಪಡೆದನು. ಬಳಿಕ ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿ, ಎಡೆಬಿಡದ ಪ್ರವಾಹವನ್ನೇ ಪಡೆದನು. ಜಗತ್ತಿನ ಮೊದಲ ವಿದ್ಯುಜ್ಜನಕ ಅದೇ.

ಈ ಶೋಧವನ್ನು ಹಿಡಿದು ಧನಿಕನಾಗುವ ಹಂಬಲ ಫ್ಯಾರಡೆಗಿರಲಿಲ್ಲ. ಯಂತ್ರವನ್ನು ದೊಡ್ಡದಾಗಿಸುವ ಕೆಲಸವನ್ನು ಇತರರಿಗೆ ಬಿಟ್ಟು, ತಾನು ಹೊಸ ಸತ್ಯಗಳನ್ನು ಅರಸಹೊರಟನು. ಉದ್ಯಮಗಳಿಗೆ ಸಲಹೆ ನೀಡಿ ಗಳಿಸಬಹುದಾಗಿದ್ದ ಹಣವನ್ನೂ ಸಂಶೋಧನೆಗಾಗಿ ತೊರೆದನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿ ತಾನಾಗಿ ಬಂದಾಗ ಬೇಡವೆಂದನು. ಆದರೆ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸ ಮಾಡುವುದೆಂದರೆ ಆತನಿಗೆ ಅಕ್ಕರೆ. ಉರಿಯುವ ಒಂದು ಮೇಣದಬತ್ತಿಯನ್ನಿಟ್ಟುಕೊಂಡು ರಸಾಯನಶಾಸ್ತ್ರವನ್ನು ತಿಳಿಸಿದ ಆತನ ಉಪನ್ಯಾಸಗಳು ಪುಸ್ತಕವಾಗಿ ಇಂದಿಗೂ ಓದುಗರನ್ನು ಪಡೆದಿವೆ.

ಉನ್ನತ ಗಣಿತವನ್ನು ಆತನು ಕಲಿತಿರಲಿಲ್ಲ. ಆ ಕೊರತೆಯನ್ನು ಪ್ರಯೋಗದಿಂದಲೂ ಕಲ್ಪನೆಯಿಂದಲೂ ತುಂಬಿಕೊಂಡನು. ಅಯಸ್ಕಾಂತದ ಸುತ್ತ ಆತನು ಕಲ್ಪಿಸಿದ ಬಲರೇಖೆಗಳನ್ನು ಮುಂದೆ ಮ್ಯಾಕ್ಸ್‌ವೆಲ್ ಗಣಿತದ ಭಾಷೆಗೆ ತಂದನು. ಕೊನೆಯ ವರ್ಷಗಳಲ್ಲಿ ಫ್ಯಾರಡೆಯ ನೆನಪಿನ ಶಕ್ತಿ ಕುಂದಿತು. ವಿಕ್ಟೋರಿಯಾ ರಾಣಿ ವಾಸಕ್ಕೆಂದು ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ 1867ರ ಆಗಸ್ಟ್ 25ರಂದು ಆತನು ಕಣ್ಣುಮುಚ್ಚಿದನು.

ಆತನು ಗತಿಸಿ ಮೂವತ್ತೈದು ವರ್ಷಗಳಾಗಿದ್ದವು. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಾಮ್ರದ ಬಿಲ್ಲೆಯನ್ನು ತಿರುಗಿಸಿ ಫ್ಯಾರಡೆಯು ಕಂಡ ತತ್ತ್ವವೇ ಆ ಬೃಹದ್ಯಂತ್ರಗಳಲ್ಲಿಯೂ ಕೆಲಸ ಮಾಡಿತು. ಬಡತನ ಆತನ ಶಾಲೆಯನ್ನು ಕಿತ್ತುಕೊಂಡಿತು. ಕಲಿಯುವ ಹಟವನ್ನು ಕಿತ್ತುಕೊಳ್ಳಲು ಅದರಿಂದ ಆಗಲಿಲ್ಲ. ಆ ಹಟದ ಫಲವನ್ನು ನಾವು ದಿನವೂ ಉಣ್ಣುತ್ತಿದ್ದೇವೆ.